‘ಬಿಸಿ ರೊಟ್ಟಿ ಸರ್’ ಯಾರು?

ಮಂಜರಿ ಹುಯಿಲಗೋಳ ಹುಟ್ಟಿ ಬೆಳೆದದ್ದೆಲ್ಲ ಪುಣೆಯಲ್ಲೇ. ಅಪ್ಪ ಗದಗಿನ ಕಡೆಯವರು, ರೈಲ್ವೆ ಗುಮಾಸ್ತರು. ಘೋರ್ಪಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಆಡಿಕೊಂಡಿದ್ದ ಕಾಲಕ್ಕೇ ಅವಳ ಬಾಯಿಗೆ ಒಂದು ಶಬ್ದ ಅಂಟಿಕೊಂಡಿತ್ತು: ‘ಯಾಕ?’ ಸಿಗ್ನಲ್ಲಿನ ತೋಳು ಕೆಳಗೆ ಬಿದ್ದರೆ ಯಾಕ, ಮಾತ್ರೆಯ ನಡುವೆ ಗೀರು ಯಾಕ, ಮನೆಗೆ ಬಂದ ಅತ್ತೆ ನೀರು ಕುಡಿಯದೆ ಹೋದದ್ದು ಯಾಕ. “ಈ ಹುಡಿಗೀನ್ನ ಕಟಗೊಂಡಾಂವ ಉತ್ತರಾ ಕೊಟ್ಟು ಕೊಟ್ಟು ಸಾಯತಾನ” ಅನ್ನುತ್ತಿದ್ದರು ಅವಳ ಅವ್ವ. ಕಟ್ಟಿಕೊಂಡ ಅವಧೂತ ಸಾಯಲಿಲ್ಲ. ತಳೇಗಾಂವದ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಕೆಲಸ, ಬೆಳಗ್ಗೆ ಕಂಪನಿ ಬಸ್ಸು ಹತ್ತಿದರೆ ಸಂಜೆಯೇ ಮನೆ. ಅಷ್ಟು ಹೊತ್ತು ಪ್ರಶ್ನೆಗಳಿಂದ ಬಿಡುಗಡೆ.

ಅವಳ ಮೊದಲ ನೌಕರಿ ಭೋಸರಿಯ ಕುಕ್ಕರ್ ಕಾರ್ಖಾನೆಯಲ್ಲಿ. ಡಬ್ಬಿಯೊಳಗೆ ಮಡಚಿ ಇಡುವ ‘ಬಳಸುವ ವಿಧಾನ’ದ ಕಾಗದವನ್ನು ಕನ್ನಡಕ್ಕೆ ತರುವುದು. ಯಾರೂ ಓದದ ಕಾಗದ ಎಂದು ಎಲ್ಲರೂ ನಗುತ್ತಿದ್ದರು. ಒಂದು ಸಲ ಸೊಲ್ಲಾಪುರದ ಕಡೆಯಿಂದ ಕುಕ್ಕರುಗಳು ಸಾಲಾಗಿ ವಾಪಸು ಬಂದವು, ಸೀಟಿ ಹೊಡೆಯುವುದಿಲ್ಲ ಎಂಬ ದೂರಿನೊಂದಿಗೆ. ಇಂಜಿನಿಯರರು ಲೋಹ ಪರೀಕ್ಷೆ ಮಾಡುತ್ತಾ ಕೂತರು. ಮಂಜರಿ ಬಸ್ಸು ಹತ್ತಿ ಕೊಂಡವರ ಅಡುಗೆಮನೆಗಳಿಗೇ ಹೋದಳು. ಕುಕ್ಕರಿಗೆ ಏನೂ ಆಗಿರಲಿಲ್ಲ. ಕಾಗದದಲ್ಲಿ ‘ರಬ್ಬರ್ ಬಳೆಯನ್ನು ತೆಗೆದು ತೊಳೆಯಿರಿ’ ಎಂದಿತ್ತು, ‘ಮತ್ತೆ ಹಾಕಿ’ ಎಂದಿರಲಿಲ್ಲ. ಕಂಪನಿಯ ಮಾತನ್ನು ಅಕ್ಷರಕ್ಕೆ ಅಕ್ಷರ ನಂಬಿದ ಹೆಂಗಸರು ಬಳೆಯನ್ನು ತೊಳೆದು, ಒರೆಸಿ, ಮೊಳೆಗೆ ನೇತುಹಾಕಿದ್ದರು. ಆ ಕಾಗದ ಬರೆದವಳು ತಾನೇ. ಬಸ್ಸಿನಲ್ಲಿ ಮರಳುವಾಗಲೇ ಅದರ ಅಂಚಿನಲ್ಲಿ ‘ಮತ್ತೆ ಹಾಕಿ’ ಎಂದು ಬರೆದಳು. ಅಂದಿನಿಂದ ಒಂದು ರೂಢಿ ಮಾಡಿಕೊಂಡಳು: ಬರೆದದ್ದನ್ನು ಯಾರಾದರೂ ಬಳಸುವುದನ್ನು ಎದುರು ಕೂತು ನೋಡುವುದು.

ರೂಢಿಗಳು ಸೋಮಾರಿತನದ ಎದುರು ಎಷ್ಟು ದಿನ ನಿಲ್ಲುತ್ತವೆ ಎಂಬುದು ಮುಂದಿನ ಕತೆ.

ಈಗ ಅವಳಿರುವುದು ಖರಾಡಿಯ ಗಾಜಿನ ಕಟ್ಟಡದಲ್ಲಿ. ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಿಕೊಡುವ ಮೊಬೈಲ್ ಆ್ಯಪ್‌ ಕಂಪನಿ. ಹೊಸಬರು ಆ್ಯಪ್ ತೆರೆದ ಕೂಡಲೇ ಕಾಣುವ ಮೊದಲ ನಾಲ್ಕಾರು ಪರದೆಗಳ ಮಾತು ಬರೆಯುವುದು ಅವಳ ಕೆಲಸ. ಶಾಲೆಯ ಮೊದಲ ದಿನ ಬಾಗಿಲಲ್ಲಿ ನಿಂತು ‘ಬಾ, ಹೆದರಬ್ಯಾಡ, ಇಲ್ಲಿ ಕೂಡು’ ಅನ್ನುವ ಬಾಯಿಯ ಕೆಲಸ ಅದು. ಸಾಲು ಚಿಕ್ಕದಿರಬೇಕು, ಶಬ್ದ ಮನೆಯದಿರಬೇಕು. ಈ ಆ್ಯಪ್ ಆ ಸಾಲುಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಎದುರಿನವರು ಬಾಯಲ್ಲೇ ಉತ್ತರ ಕೊಟ್ಟರೆ ಸಾಕು. ಓದು ಬಾರದ ತಾಯಂದಿರೂ ಮಾತಾಡಿಕೊಂಡೇ ಒಳಗೆ ಬರಬಹುದು ಎಂಬುದು ಕಂಪನಿಯ ಹೆಮ್ಮೆ. ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಿಯೂ ಇದ್ದರು.

ಆದರೆ ಕನ್ನಡದ ತಾಯಂದಿರಲ್ಲಿ ಹೆಚ್ಚಿನವರು ಒಳಗೆ ಬರುತ್ತಿರಲಿಲ್ಲ. ಮೂರನೇ ಪರದೆಗೆ ಬಂದು ನಿಂತುಬಿಡುತ್ತಿದ್ದರು.

“ಮಂಜರಿ ಮೇಡಂ, ಮೂರನೇ ಸ್ಕ್ರೀನಲ್ಲೇ ಎಲ್ಲಾ ಬಿಟ್ಟೋಗ್ತಿದಾರೆ” ಎಂದ ಮ್ಯಾನೇಜರ್ ಅಭಿಲಾಷ. ಮಂಡ್ಯದ ಹುಡುಗ, ಒಳ್ಳೆಯವನೇ, ಆದರೆ ಒಳ್ಳೆಯತನವನ್ನು ಮೇಲಿನವರ ಅಪ್ಪಣೆ ಕೇಳಿಯೇ ಹೊರಗೆ ತೆಗೆಯುವವನು. “ಮರಾಠೀಲೂ ಸ್ವಲ್ಪ ಇದೆ, ಬಟ್ ಕನ್ನಡದ್ದು ತುಂಬಾ ಹಾರಿಬಲ್. ಈ ತಿಂಗಳ ಕೊನೆಗೂ ಹೀಗೇ ಇದ್ರೆ ಕನ್ನಡ ತೆಗೆದುಬಿಡ್ತಾರೆ. ಭೋಸರಿ, ಚಾಕಣ ಕಡೆ ನಮ್ಮೋರು ಇಷ್ಟೊಂದು ಜನ ಇದಾರೆ ಅಂತ ನಾನೇ ಹೇಳಿ ಶುರು ಮಾಡಿಸಿದ್ದು. ನನ್ನ ಮುಖಕ್ಕೆ ಹೊಡೀತಾರೆ.”

“ಯಾಕ ಬಿಡತಾರ?”

“ಅದನ್ನ ನೀವೇ ಹೇಳ್ಬೇಕು ಮೇಡಂ. ಅಲ್ಲಿರೋ ಕಾಪಿ ಬರೆದೋರು ನೀವು.”

ಮೂರನೇ ಪರದೆಯಲ್ಲಿ ಇದ್ದದ್ದು ಒಂದೇ ಸಾಲು: ‘ಮಗುವಿನ ತಂದೆಯ ಹೆಸರು ಮತ್ತು ಮೊಬೈಲ್ ನಂಬರ್ ಹೇಳಿ.’ ಇಂಗ್ಲಿಷಿನಿಂದ ಇಳಿದು ಬಂದದ್ದು. ಎಷ್ಟು ಸಲ ಓದಿದರೂ ಅದರಲ್ಲಿ ಕಲ್ಲು ಸಿಗಲಿಲ್ಲ. ಸಣ್ಣ ಸಾಲು, ಸರಳ ಶಬ್ದ. ಎಲ್ಲರಿಗೂ ಗಂಡನ ಹೆಸರು ಗೊತ್ತಿರುತ್ತದೆ. ಮತ್ತೆ ಯಾಕ?

ಸುಳಿವು ಸಿಕ್ಕಿದ್ದು ಚಹಾದ ಟಪರಿಯಲ್ಲಿ, ರಸ್ತೆಬದಿಯ ಗೂಡಂಗಡಿಯಲ್ಲಿ. ಅಲ್ಲಿ ನಿಂತಿದ್ದಳು ಪೂರ್ವಾ. ಆ್ಯಪ್‌ಗೆ ಸೇರಿದ ಮನೆಗಳಿಗೆ ಫೋನ್ ಮಾಡಿ ದುಡ್ಡು ಕೊಟ್ಟು ಕೊಳ್ಳಬೇಕಾದ ಪಾಠಗಳನ್ನು ಮಾರುವ ಮರಾಠಿ ಹುಡುಗಿ. ಮಂಜರಿಗೆ ಅಕ್ಕ ಎನ್ನುವಂತೆ ‘ತಾಈ’ ಅನ್ನುತ್ತಾಳೆ.

“ತಾಈ, ನಿಮ್ಮ ಕನ್ನಡದ ಮಂದಿ ನನ್ನ ಚೇಷ್ಟೆ ಮಾಡ್ತಾರೆ” ಎಂದು ಮರಾಠಿಯಲ್ಲಿ ರಾಗ ಎಳೆದಳು. “ಅಪ್ಪನ ಹೆಸರು ಅಂತ ಏನೇನೋ ಕೊಡ್ತಾರೆ. ಮೊನ್ನೆ ಒಬ್ಬರಿಗೆ ಫೋನ್ ಹಚ್ಚಿ, ‘ನಮಸ್ಕಾರ, ಬಿಸಿ ರೊಟ್ಟಿ ಸರ್ ಮಾತಾಡ್ತಿದ್ದಾರಾ?’ ಅಂದೆ. ಆತ ಹಿಂದಿಯಲ್ಲಿ ಬೈದ ಬೈಗಳು ನಮ್ಮಪ್ಪನ ಜನ್ಮದಲ್ಲೂ ಕೇಳಿರಲಿಕ್ಕಿಲ್ಲ. ಬಿಸಿ ರೊಟ್ಟಿ ಅಂದ್ರೆ ಅಡ್ಡಹೆಸರಲ್ವಾ?”

ಮಂಜರಿಯ ಮೂಗಿಗೆ ಚಹಾ ಏರಿತು. ಕೆಮ್ಮಿ ಕೆಮ್ಮಿ ನಕ್ಕಳು.

“ನಗಬೇಡಿ! ಇನ್ನೊಬ್ಬ ‘ತುಳಸಿ ಕಟ್ಟಿ’. ಮತ್ತೊಬ್ಬ ‘ಹಸಿರು ಸೀರಿ’. ಇದೆಲ್ಲ ಮೋಸದ ಹೆಸರು, ಕನ್ನಡ ಬಂದ್ ಮಾಡಿ ಅಂತ ಋಷಿಕೇಶ ಸರ್ ಮೇಲೆ ಹೇಳಿದ್ದಾರೆ.”

ಋಷಿಕೇಶ ಮಾರಾಟ ವಿಭಾಗದ ಮುಖ್ಯಸ್ಥ. ಮಂಜರಿಯ ನಗು ಅಲ್ಲಿಗೆ ನಿಂತಿತು. ಬಿಸಿ ರೊಟ್ಟಿ, ತುಳಸಿ ಕಟ್ಟಿ, ಹಸಿರು ಸೀರಿ. ಎಲ್ಲೋ ಕೇಳಿದ ಹಾಗಿದೆ. ಎಲ್ಲಿ? ಹಾಡಿನಲ್ಲೋ, ಮದುವೆಯಲ್ಲೋ? ನಾಲಿಗೆಯ ತುದಿಗೆ ಬಂದದ್ದು ಹೊರಗೆ ಬರಲೊಲ್ಲದು. ಚೇಷ್ಟೆ ಮಾಡುವವರು ಇಷ್ಟು ಚಂದದ ಹೆಸರು ಯಾಕ ಆರಿಸುತ್ತಾರೆ?

“ಬಿಸಿ ರೊಟ್ಟಿಗೆ ಇನ್ನೊಂದ ಸಲ ಫೋನ್ ಹಚ್ಚು. ನಾ ಮಾತಾಡತೀನಿ.”

ಆವತ್ತು ಆ ಮನೆಯ ಗಂಡಸಿಗೆ ವಾರದ ರಜೆ ಇದ್ದಿರಬೇಕು. ಫೋನ್ ಎತ್ತಿದ್ದು ಹೆಂಗಸು. ತಾನು ಆ್ಯಪ್‌ನ ಮಾತು ಬರೆಯುವಾಕೆ, ಮಾರುವಾಕೆ ಅಲ್ಲ ಎಂದು ಮಂಜರಿ ಹೇಳಿಕೊಂಡು, “ನಿಮ್ಮನಿಯಾಗ ಬಿಸಿ ರೊಟ್ಟಿ ಅಂದ್ರ ಯಾರ್ರಿ?” ಎಂದು ಕೇಳಿದಳು.

ಆ ಕಡೆಯಿಂದ ನಗು ಒಡೆಯಿತು. “ಅಯ್ಯಯ್ಯ ಯವ್ವಾ, ಅವ್ರು ಇಲ್ಲೇ ಮಲಗ್ಯಾರ್ರಿ, ಎದ್ರ ನನ್ನ ಕೊಂದs ಬಿಡತಾರ. ಫೋನಿನಾಗ ಹೇಳೂದಲ್ಲ ಅದು. ತಿಳ್ಕೋಬೇಕಂದ್ರ ಮನಿಗೇ ಬರ್ರಿ ಅಕ್ಕೋರ. ನಾಳಿ ಅವ್ರು ಡ್ಯೂಟಿಗೆ ಹೋಗಿರತಾರ.” ವಿಳಾಸ ಹೇಳಿ ಫೋನ್ ಇಟ್ಟಳು.

ಮರುದಿನ ಮಂಜರಿ ಭೋಸರಿಯ ಬಸ್ಸು ಹತ್ತಿದಳು. ಖರಾಡಿಯ ಗಾಜುಗಳೂ ಭೋಸರಿಯ ತಗಡುಗಳೂ ಒಂದೇ ಊರಿನಲ್ಲಿವೆ ಎಂಬುದು ಬಸ್ಸಿನಲ್ಲಿ ಹೋಗುವವರಿಗಷ್ಟೇ ಗೊತ್ತು. ಸಣ್ಣ ವರ್ಕ್‌ಶಾಪುಗಳ ಹಿಂದೆ, ಲೇಥ್ ಮಷೀನಿನ ಎಣ್ಣೆ ವಾಸನೆ ಬಾಗಿಲತನಕ ಬರುವ ಸಾಲು ಖೋಲಿಗಳು, ಒಂದೊಂದೇ ಕೋಣೆಯ ಮನೆಗಳು. ಮೊದಲ ಖೋಲಿಯ ಹೊಸ್ತಿಲಲ್ಲಿ ಕಾದು ನಿಂತಿದ್ದವಳು ಮರೆಮ್ಮ, ಫೋನಿನಲ್ಲಿ ನಕ್ಕವಳು. ಯಾದಗಿರಿ ಕಡೆಯವಳು, ಮೂವತ್ತರ ಆಸುಪಾಸು, ಮಾತಾಡುವ ಮೊದಲೇ ಕಣ್ಣು ನಗುವ ಹೆಂಗಸು. ಸುದ್ದಿ ಮೊದಲೇ ಹರಡಿತ್ತು. ಒಳಗೆ ಓಣಿಯ ಹೆಂಗಸರು ಗೋಡೆಗೆ ಆನಿಕೊಂಡು ಕೂತಿದ್ದರು. ಅವರ ನಡುವೆ ಕಾಲು ಚಾಚಿ ಕೂತ ಮುದುಕಿ ಅಂಬಾಬಾಯಿ, ಪಕ್ಕದ ಖೋಲಿಯವರು, ವಿಚಾರಣೆಗೆ ಕೂತ ನ್ಯಾಯಾಧೀಶರಂತೆ ಕಾಣುತ್ತಿದ್ದರು.

ಮರೆಮ್ಮ ಚಹಾ ಕೊಡುತ್ತಾ ಕಷ್ಟ ಹೇಳಿಕೊಂಡಳು. ಮಗಳು ಐದನೇ ಇಯತ್ತೆ, ಮರಾಠಿ ಶಾಲೆ. ಊರಲ್ಲಿ ಕನ್ನಡದಲ್ಲಿ ಕಲಿತದ್ದು ಅರ್ಧಕ್ಕೆ ನಿಂತಿದೆ, ಇಲ್ಲಿ ಮರಾಠಿಯಲ್ಲಿ ಹೇಳುವುದು ಅರ್ಧವಷ್ಟೇ ತಿಳಿಯುತ್ತದೆ. “ಅಪೂರ್ಣಾಂಕ, ಅದs ಭಿನ್ನರಾಶಿ, ಬಂತಂದ್ರ ಅಳತಾಳ್ರಿ. ಈ ಆ್ಯಪಿನ್ಯಾಗ ರೊಟ್ಟಿ ಹರದು ಅರ್ಧ, ಕಾಲು ಅಂತ ನಮ್ಮ ಮಾತಿನ್ಯಾಗ ತೋರಸ್ತಾರ. ಒಂದs ವಾರ ನೋಡಿದ್ಲು, ಮುಖಾನs ಬ್ಯಾರೆ ಆಗಿತ್ತು. ಆಮ್ಯಾಲ ಆ ಫೋನ್ ಬಂತು.”

ಫೋನ್ ಬಂದದ್ದು ಗಂಡನಿಗೆ, ತಗಡು ಒತ್ತುವ ಪ್ರೆಸ್ ಮಷೀನಿನ ಮುಂದೆ ಕೈಯಲ್ಲಿ ಕೆಲಸ ಇರುವಾಗ. ಗದ್ದಲದಲ್ಲಿ ಕೇಳಿಸದೆ ಆತ ಸ್ಪೀಕರ್ ಹಾಕಿದ. ‘ಬಿಸಿ ರೊಟ್ಟಿ ಸರ್’ ಅನ್ನುವುದು ಇಡೀ ವರ್ಕ್‌ಶಾಪಿಗೆ ಕೇಳಿಸಿತು. ಸೂಪರ್‌ವೈಸರ್ ಬೈದ, ಜೊತೆಗಾರರು ನಕ್ಕರು. ಅಂದಿನಿಂದ ಆತನಿಗೆ ಅದೇ ಹೆಸರು ಬಿದ್ದಿದೆ. ಮನೆಗೆ ಬಂದವನೇ ಹೆಂಡತಿಯ ಫೋನ್ ಕಸಿದುಕೊಂಡು ಆ್ಯಪ್ ತೆಗೆದುಹಾಕಿದ. ಮಗಳು ಆವತ್ತು ಊಟ ಮಾಡಲಿಲ್ಲ.

“ಆದ್ರ ಆ ಹೆಸರು ಹೆಂಗ ಹೋತು?” ಮಂಜರಿಗೆ ಇನ್ನು ತಡೆಯಲಾಗಲಿಲ್ಲ. “ನನ್ನ ಎದುರಿಗೆ ಒಂದ ಸಲ ಮಾಡಿ ತೋರಸರಿ.” ತನ್ನ ಫೋನಿನಲ್ಲಿ ಆ್ಯಪ್ ಹೊಸದಾಗಿ ತೆರೆದು ಕೊಟ್ಟಳು. ನಂಬರ್ ಕೇಳಿದರೆ ತನ್ನದೇ ಹೇಳಲು ತಿಳಿಸಿದಳು.

ಮರೆಮ್ಮ ಮೊದಲೆರಡು ಪರದೆ ಚಕಚಕ ದಾಟಿದಳು. ಮೂರನೆಯದು ಬಂತು. ಸಣ್ಣ ದನಿಯೊಂದು ಮಂಜರಿಯ ಸಾಲನ್ನೇ ಓದಿತು: ‘ಮಗುವಿನ ತಂದೆಯ ಹೆಸರು ಮತ್ತು ಮೊಬೈಲ್ ನಂಬರ್ ಹೇಳಿ.’

ಖೋಲಿಯಲ್ಲಿ ಯಾರೋ ‘ಹ್ಹಿ’ ಎಂದರು. ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ಮರೆಮ್ಮ ಬಾಗಿಲ ಕಡೆ ನೋಡಿ, ಕತ್ತು ಬಗ್ಗಿಸಿ, ಫೋನನ್ನು ಕೆನ್ನೆಯ ಹತ್ತಿರ ಹಿಡಿದು, ರಾಗವಾಗಿ ಹೇಳಿದಳು:

“ಬಿಸಿ ರೊಟ್ಟಿ ಮ್ಯಾಲ ಬೆಣ್ಣಿ, ಬೆಣ್ಣಿ ಕಾಸಿದ್ರ ತುಪ್ಪ,
ಭೋಸರಿ ಕಂಪನಿಗೇ ದೊಡ್ಡಾಂವ ನಮ್ಮ ಹುಸೇನಪ್ಪ!”

ಹಿಂದೆಯೇ ಮಂಜರಿಯ ನಂಬರನ್ನೂ ಹೇಳಿದಳು. ಫೋನ್ ಚೂರು ಯೋಚಿಸಿ ಹರ್ಷದಿಂದ ಕೂಗಿತು: ‘ನಮಸ್ಕಾರ, ಬಿಸಿ ರೊಟ್ಟಿ ಅವರೇ! ನಿಮ್ಮ ಮಗುವಿಗೆ ಸ್ವಾಗತ!’

ಖೋಲಿ ನಗುವಿನಲ್ಲಿ ಮುಳುಗಿತು. ಮಂಜರಿ ಮಾತ್ರ ಬಾಯಿ ತೆರೆದು ಕೂತಳು. ಒಡಪು! ಹೆಂಡತಿ ಗಂಡನ ಹೆಸರನ್ನು ಬರಿದೇ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಲೇಬೇಕಾಗಿ ಬಂದರೆ ಎರಡು ಸಾಲು ಕಟ್ಟಿ, ಕೊನೆಗೆ ಹೆಸರು ಸಿಕ್ಕಿಸಿ, ನಾಚಿ ಮುಗಿಸುತ್ತಾಳೆ. ಯಂತ್ರಕ್ಕೆ ಹೆಸರು ಎಂದರೆ ಮೊದಲ ಎರಡು ಶಬ್ದ, ಹೆಸರೊಂದು, ಮನೆತನದ ಹೆಸರೊಂದು. ಪಾಪದ ಹುಸೇನಪ್ಪ ಕಟ್ಟಕಡೆಯಲ್ಲಿ ನಿಂತಿದ್ದಾನೆ. ಅವನ ಸರದಿ ಬರುವ ಮೊದಲೇ ಬಾಗಿಲು ಹಾಕಿದೆ.

“ಇದನ್ನ ಹೇಳಾಕರ ಧೈರ್ಯ ಬೇಕಲ್ರಿ” ಎಂದಳು ಸೆರಗು ಒತ್ತಿಕೊಂಡಿದ್ದ ಹೆಂಗಸು. “ನಾ ಅಂತೂ ಫೋನ್ ಬಂದ್ ಮಾಡಿ ಇಟ್ಟಬಿಟ್ಟೆ. ಅತ್ತಿ ಅಲ್ಲೇ ಕುಂತಿದ್ರು.”

ಮೂರನೇ ಪರದೆಯ ಗುಟ್ಟು ಇಷ್ಟೇ. ಓದು ಬಾರದವರಿಗೆ ಸುಲಭವಾಗಲಿ ಎಂದು ಬಾಯಿ ತೆರೆಸಿದ್ದರು. ಆ ಬಾಯಿಗೆ ಯಾವ ಮಾತು ಭಾರ ಎಂದು ಕೇಳಿರಲಿಲ್ಲ. ಬರೆ ಅಂದಿದ್ದರೆ ಯಾರಿಂದಲಾದರೂ ಬರೆಸುತ್ತಿದ್ದರು. ಹೇಳು ಅಂದದ್ದಕ್ಕೆ ಸಿಕ್ಕಿಬಿದ್ದರು.

“ಅಷ್ಟs ಅಲ್ಲೇನವಾ” ಎಂದು ಮಂಜರಿ ಉಸಿರುಬಿಟ್ಟಳು. “ಈಗಿನ ಕಾಲದಾಗೂ ಹೆಸರು ಹೇಳಾಕ ನಾಚಿಗಿ ಯಾಕ ನಿಮಗ?”

ಅಂಬಾಬಾಯಿ ಚಾಚಿದ ಕಾಲು ಮಡಚಿದರು. “ಹೌದೇನು? ಭಾಳ ಛಲೋ. ನೀ ಹೇಳು ನೋಡೂಣು, ನಿನ್ನ ಗಂಡನ ಹೆಸರು.”

“ಅದಕ್ಕೇನಂತ? ಹುಯಿಲಗೋಳ.”

“ಅದು ಊರಿನ ಹೆಸರು. ಊರ ಕಟಗೊಂಡೀಯೇನು?”

ಮಂಜರಿ ಬಾಯಿ ತೆರೆದಳು. ಆಗ ಅವಳು ಅಂದುಕೊಂಡಿರದ ವಿಚಿತ್ರವೊಂದು ನಡೆಯಿತು. ಹೆಸರು ಗಂಟಲತನಕ ಬಂದು ನಿಂತಿತು. ಅರೆ, ಇದೇನಿದು? ಗ್ಯಾಸಿನವನಿಗೆ ಹುಯಿಲಗೋಳ ಅನ್ನುತ್ತಾಳೆ. ಬ್ಯಾಂಕಿನಲ್ಲಿ ಬರೆದುಕೊಡುತ್ತಾಳೆ. ಅವ್ವನ ಮುಂದೆ ‘ಇವರು’, ಪುಣೆಯ ಗೆಳತಿಯರ ಮುಂದೆ ಮರಾಠಿಯ ‘ಮಾಝೆ ಮಿಸ್ಟರ್’, ಮನೆಯಲ್ಲಿ ‘ಕೇಳಿದ್ರೇನು?’ ಮದುವೆಯಾದ ಇಷ್ಟು ವರ್ಷಗಳಲ್ಲಿ ಆ ಹೆಸರು ತನ್ನ ಬಾಯಿಂದ ಗಟ್ಟಿಯಾಗಿ ಹೊರಬಿದ್ದದ್ದು ಯಾವಾಗ? ನೆನಪಾಗಲಿಲ್ಲ. ಆಫೀಸಿನಲ್ಲಿ ಈ ಪರದೆಯನ್ನು ತಾನೇ ಪರೀಕ್ಷಿಸಿದ್ದಳು. ಸುತ್ತ ಜನ ಕೂತಿದ್ದಾರೆಂದು ಬಾಯಿ ಬಿಡದೆ, ಪರೀಕ್ಷಿಸುವವರಿಗಷ್ಟೇ ಇದ್ದ ಕೀಲಿಮಣೆಯಲ್ಲಿ ಬೆರಳಿನಿಂದ ಟೈಪ್ ಮಾಡಿ ‘ಸರಿಯಿದೆ’ ಎಂದು ಮುಂದಕ್ಕೆ ಕಳಿಸಿದ್ದಳು. ಬೆರಳಿಗೆ ನಾಚಿಕೆ ಇರಲಿಲ್ಲ.

“ಹೇಳತಾಳ, ಹೇಳತಾಳ” ಎಂದು ಹೆಂಗಸರು ಚಪ್ಪಾಳೆ ತಟ್ಟಿದರು. ಬಿಡುವಂತಿರಲಿಲ್ಲ. ಮಂಜರಿ ಕಣ್ಣು ಮುಚ್ಚಿ, ಬಂದದ್ದನ್ನು ಕಟ್ಟಿದಳು:

“ಪ್ಯಾಟಿಗೆ ಕಳಿಸಿದ್ರ ಕಟ್ಟಿಮ್ಯಾಲ ಪೇಪರ ಓದಕೋತ ಕೂತ,
ಕಾಯಿಪಲ್ಯಾನೂ ಮರತ, ಚೀಲಾನೂ ಮರತ, ನಮ್ಮ ಅವಧೂತ!”

ಅಂಬಾಬಾಯಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ‘ಪಾಸಾದಿ’ ಎಂದು ತೀರ್ಪೂ ಕೊಟ್ಟರು.

ಹೊರಡುವಾಗ ಮರೆಮ್ಮ ಬಾಗಿಲತನಕ ಬಂದಳು. “ಅಕ್ಕೋರ, ಅವರಿಗೆ ಫೋನ್ ಬರದಂಗ ಮಾಡತೀರೇನು? ಅಷ್ಟಾದ್ರ ಅವ್ರನ್ನ ನಾ ಒಪ್ಪಸ್ತೀನಿ. ಹುಡಿಗಿ ಪರೀಕ್ಷಾ ಹತ್ರ ಬಂತು.”

ಬಸ್ಸಿನಲ್ಲಿ ಕುಕ್ಕರಿನ ಬಳೆ ನೆನಪಾಯಿತು. ಆದರೆ ಅದಕ್ಕಿಂತ ದೊಡ್ಡದೊಂದು ಕೊರೆಯುತ್ತಿತ್ತು. ಸಿಗ್ನಲ್ಲಿನ ತೋಳಿಗೂ ಯಾಕ ಎಂದು ಕೇಳಿದವಳು ಈ ಒಂದು ಸಾಲಿಗೆ ಕೇಳಿರಲಿಲ್ಲ. ಭಿನ್ನರಾಶಿ ಕಲಿಯಬೇಕಾದ ಹುಡುಗಿಗೆ ಅಪ್ಪನ ಹೆಸರು ಯಾಕ ಬೇಕು? ಇಂಗ್ಲಿಷಿನಲ್ಲಿ ಇತ್ತು, ಕನ್ನಡಕ್ಕೆ ಇಳಿಸಿದಳು. ಅನುವಾದ ಎಂಬ ಶಬ್ದದ ಹಿಂದೆ ಎಷ್ಟೊಂದು ಮಂದಿ ತಮ್ಮ ಮನಸ್ಸಾಕ್ಷಿಯನ್ನು ಬಚ್ಚಿಟ್ಟು ಸಂಬಳ ಎಣಿಸುತ್ತಾರೆ! ಅವರಲ್ಲಿ ತಾನೂ ಒಬ್ಬಳು.

ಮರುದಿನ ಮೀಟಿಂಗ್ ಕೋಣೆಯಲ್ಲಿ ಅವಳು ಒಡಪಿನ ಕತೆ ಹೇಳಿದಾಗ ಅಭಿಲಾಷ ಮೇಜು ಬಡಿದು ನಕ್ಕ. “ಅಯ್ಯೋ, ನಮ್ಮಜ್ಜೀನೂ ತಾತನ ಹೆಸರು ಹೇಳ್ತಿರ್ಲಿಲ್ಲ ಮೇಡಂ!” ಋಷಿಕೇಶನಿಗೂ ನಗು ಬಂತು. ಅವನ ತಾಯಿ ಹಬ್ಬದಲ್ಲಿ ಮರಾಠಿಯಲ್ಲಿ ಉಖಾಣೆ ಹೇಳುವುದು ಅದನ್ನೇ.

“ಛಾನ್! ಹಾಗಾದರೆ ಪ್ರಾಬ್ಲೆಮ್ ಸಾಲ್ವ್ ಆಯಿತಲ್ಲ” ಎಂದ ಋಷಿಕೇಶ. “ಬಾಯಲ್ಲಿ ಹೇಳುವುದು ಬೇಡ, ಟೈಪ್ ಮಾಡಲಿ. ಮಕ್ಕಳೇ ಮಾಡಿಕೊಡ್ತಾರೆ.”

“ಆದ್ರ ಆ ಹೆಸರು ನಮಗ್ಯಾಕ ಬೇಕು?”

ಋಷಿಕೇಶ ಅವಳನ್ನು ಮಗುವನ್ನು ನೋಡುವಂತೆ ನೋಡಿದ. “ಮೇಡಂ, ತಾಯಿಗೆ ಫೋನ್ ಮಾಡಿದರೆ ‘ಅವರನ್ನ ಕೇಳಿ ಹೇಳ್ತೀನಿ’ ಅಂತಾಳೆ. ದುಡ್ಡಿನ ನಿರ್ಧಾರ ಅಪ್ಪನದು. ಅವನನ್ನು ಹೆಸರು ಹಿಡಿದು ಮಾತಾಡಿಸಿದರೆ ಬೇಗ ಕರಗ್ತಾನೆ.”

“ಅದನ್ನ ಪರದೆ ಮ್ಯಾಲ ಬರೀಲೇನು?”

“ಹುಚ್ಚಾ? ‘ಸರ್ಟಿಫಿಕೇಟಿನಲ್ಲಿ ಹೆಸರು ಸರಿಯಾಗಿ ಬರಲು’ ಅಂತ ಬರೀರಿ. ಎಲ್ಲಾ ಭಾಷೇಲೂ ಅದನ್ನೇ ಹಾಕೋಣ.”

“ಸರ್ಟಿಫಿಕೇಟ್ ಎಲ್ಲದ?”

ಅಭಿಲಾಷ ಋಷಿಕೇಶನ ಕಡೆ, ಋಷಿಕೇಶ ತನ್ನ ಲ್ಯಾಪ್‌ಟಾಪಿನ ಕಡೆ ನೋಡಿದರು. ಅಂಥದ್ದೊಂದು ಸರ್ಟಿಫಿಕೇಟ್ ಆ ಕಂಪನಿಯಲ್ಲಿ ಇರಲೇ ಇಲ್ಲ.

ಸಾಲು ಬಹಳ ಸುಲಭದ್ದು. ಬರೆದರೆ ತಿಂಗಳ ಕೊನೆಗೆ ಕನ್ನಡ ಉಳಿಯುತ್ತದೆ, ಅಭಿಲಾಷನ ಮುಖ ಉಳಿಯುತ್ತದೆ, ಅವಳ ಕೆಲಸ ಉಳಿಯುತ್ತದೆ. ಮರೆಮ್ಮನ ಮಗಳ ರೊಟ್ಟಿಯ ಪಾಠವೂ ಉಳಿದೀತು, ಇನ್ನೊಂದು ಫೋನ್ ಹುಸೇನಪ್ಪನ ಪ್ರೆಸ್ಸಿಗೆ ಹೋಗುವತನಕ. ಮೋಸದ ಹೆಸರು ಕೊಟ್ಟರೆಂದು ಆ ಹೆಂಗಸರ ಮೇಲೆ ಹೊರಿಸಿದ್ದರು. ಅವರೋ ನಾಚಿಕೆಯನ್ನು ನುಂಗಿ, ಕವಿತೆ ಕಟ್ಟಿ, ನಿಜವಾದ ಹೆಸರನ್ನೇ ಒಪ್ಪಿಸಿದ್ದರು. ಈಗ ಮೋಸಕ್ಕೆ ಕೂತಿದ್ದವರು ಯಾರು?

“ಆ ಸಾಲು ನಾ ಬರಿಯಂಗಿಲ್ಲ” ಎಂದಳು ಮಂಜರಿ. “ಬ್ಯಾರೆದ್ದು ಬರದು ಕೊಡತೀನಿ. ಒಂದ ವಾರ ಕನ್ನಡದಾಗ ಹಾಕಿ ನೋಡ್ರಿ. ಹೆಂಗೂ ತಗೀತೀರಿ ಅಂದೀರಲ್ಲ, ಕಳಕೊಳ್ಳೂದೇನದ?”

ಅವಳು ಬರೆದ ಮೂರನೇ ಪರದೆ ಹೀಗಿತ್ತು: ‘ಯಾರು ಕಲಿಯುತ್ತಾರೆ? ಅವರ ಹೆಸರು ಹೇಳಿ.’ ನಾಲ್ಕನೆಯದು: ‘ಪೂರ್ತಿ ಪಾಠ ಕೊಳ್ಳಿ ಎಂದು ನಮ್ಮವರು ಫೋನ್ ಮಾಡಬಹುದೇ? ಹೂಂ ಅಥವಾ ಬೇಡ ಅನ್ನಿ. ಬೇಡ ಅಂದರೂ ಈ ಪಾಠ ನಿಲ್ಲುವುದಿಲ್ಲ.’ ಹೂಂ ಅಂದವರಿಗಷ್ಟೇ ಮುಂದಿನ ಪ್ರಶ್ನೆ: ಯಾವ ನಂಬರಿಗೆ, ಯಾವ ಹೊತ್ತಿಗೆ?

“ಎಲ್ಲಾ ಬೇಡ ಅಂತಾರೆ” ಎಂದು ಋಷಿಕೇಶ ಲ್ಯಾಪ್‌ಟಾಪ್ ಮುಚ್ಚಿದ. ಅಭಿಲಾಷ ಆ ಎರಡು ಪರದೆಗಳನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಿದ. ಆಮೇಲೆ ಮೇಲಿನವರನ್ನು ಕೇಳದೆಯೇ “ಒಂದು ವಾರ” ಅಂದ. ಅವನು ಹಾಗೆ ಅಂದದ್ದು ಅದೇ ಮೊದಲು.

ಬಹಳ ಜನ ಬೇಡವೇ ಅಂದರು. ಋಷಿಕೇಶ ಹೇಳಿದ್ದು ನಿಜವಾಯಿತು. ಆದರೆ ಅವರು ಮೂರನೇ ಪರದೆ ದಾಟಿ ಒಳಗೆ ಬಂದು ಕೂತರು, ಮಕ್ಕಳು ಪಾಠ ನೋಡಿದರು. ಹೂಂ ಅಂದ ಕೆಲವರು ತಾವೇ ಹೇಳಿದ ಹೊತ್ತಿಗೆ ಫೋನ್ ಎತ್ತಿದರು. “ತಾಈ, ಇವತ್ತು ನನಗೆ ಯಾರೂ ಬೈಯಲಿಲ್ಲ” ಎಂದು ಪೂರ್ವಾ ಟಪರಿಯಲ್ಲಿ ಕ್ರೀಮ್‌ರೋಲ್ ಕೊಡಿಸಿದಳು. ಕನ್ನಡ ತೆಗೆಯುವ ಮಾತು ವಾರ್ಷಿಕ ಪರೀಕ್ಷೆಯ ಆಚೆಗೆ ಹೋಯಿತು. ಮುಂದಕ್ಕೆ ಹೋಯಿತು ಅಷ್ಟೇ. ಮರಾಠಿ, ಹಿಂದಿ ಪರದೆಗಳಲ್ಲಿ ಇಲ್ಲದ ಸರ್ಟಿಫಿಕೇಟಿನ ಸಾಲು ಬಂದು ಕೂತಿತು. ಅದನ್ನು ಬರೆಯಲು ಬೇರೆ ಕೈಗಳು ಸಿಕ್ಕವು. ಸಿಗದೆ ಇರುತ್ತವೆಯೇ? ‘ಸರ್ಟಿಫಿಕೇಟ್ ಎಲ್ಲದ?’ ಎಂದು ಮಂಜರಿ ಪ್ರತಿ ಸೋಮವಾರದ ಮೀಟಿಂಗಿನಲ್ಲಿ ಕೇಳುತ್ತಾಳೆ. ಅವಳು ಬಾಯಿ ತೆರೆದರೆ ಋಷಿಕೇಶ ಈಗ ಫೋನ್ ನೋಡುತ್ತಾನೆ.

ಆ ನಡುವೆ ಒಂದು ಸಂಜೆ ಅವಳು ಭೋಸರಿಗೆ ಹೋದಳು. ಎದುರು ಕೂತು ನೋಡುವ ರೂಢಿಗೆ ಮರಳಿದ್ದಳು. ಮರೆಮ್ಮ ಗಂಡನನ್ನು ಒಪ್ಪಿಸಿದ್ದಳು. ಹುಸೇನಪ್ಪ ಡ್ಯೂಟಿಯಿಂದ ಬಂದು, ಕೈಯ ಎಣ್ಣೆ ತೊಳೆದುಕೊಂಡು, ಬಾಗಿಲಿಗೆ ಒರಗಿ ನಿಂತಿದ್ದ. ದೊಡ್ಡ ಆಳು, ಸಣ್ಣ ಮಾತು. ಮಗಳು ಫೋನ್ ಹಿಡಿದು ಕೂತಳು. ‘ಯಾರು ಕಲಿಯುತ್ತಾರೆ? ಅವರ ಹೆಸರು ಹೇಳಿ’ ಎಂದಿತು ಆ್ಯಪ್. “ದೇವಮ್ಮ” ಎಂದಳು ಹುಡುಗಿ ಗಟ್ಟಿಯಾಗಿ. ಫೋನ್ ಬೇಕೇ ಎಂದು ಕೇಳಿದಾಗ ಮರೆಮ್ಮ ಬಗ್ಗಿ “ಬ್ಯಾಡ” ಎಂದಳು, ಇನ್ನೂ ಗಟ್ಟಿಯಾಗಿ. ಪರದೆಯ ಮೇಲೆ ರೊಟ್ಟಿಯೊಂದು ಬಂದು ಎರಡು ಹೋಳಾಯಿತು.

ಹುಸೇನಪ್ಪ ಇನ್ನೂ ಕಾಯುತ್ತಿದ್ದ. ಕೊನೆಗೆ ಗಂಟಲು ಸರಿಮಾಡಿಕೊಂಡು ಕೇಳಿದ, “ಅಲ್ಲರಿ ಅಕ್ಕೋರ, ಈ ಸಲ ನನ್ನ ಹೆಸರು ಕೇಳಲೇ ಇಲ್ಲಲ್ರಿ?”

“ಯಾಕ, ಕೇಳಬೇಕಾಗಿತ್ತೇನ್ರಿ?”

“ಛೇ, ಹಂಗಲ್ಲ...” ಎಂದು ಅವನು ಹೆಂಡತಿಯ ಕಡೆ ಓರೆಗಣ್ಣಿನಲ್ಲಿ ನೋಡಿದ. “ಕಂಪನಿಗೇ ದೊಡ್ಡಾಂವ ಅಂತ ಏನೋ ಹೇಳಿದ್ಲಂತ. ನಾ ಇನ್ನಾ ಕೇಳಿಲ್ಲ.”

ಮರೆಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಲೆಯ ಕಡೆ ಓಡಿದಳು.